ಮುಖವಾಡ ಮತ್ತು ಮನೆಯ ವಿಳಾಸ

ಡಾರ್ಕ್‌ನೆಟ್ ಎಂಬ ಮರೆಯ ಅಂತರ್ಜಾಲದಲ್ಲಿ ವ್ಯವಹರಿಸುವವರನ್ನು ಪತ್ತೆಹಚ್ಚಲಾಗದು ಎಂಬ ಮಾತು, ಮಾದಕ ವಸ್ತು ಸಿಕ್ಕಿಬಿದ್ದ ಪ್ರತಿ ಸುದ್ದಿಯ ಬೆನ್ನಿಗೂ ಕೇಳಿಬರುತ್ತದೆ. ಅದು ಅರ್ಧಸತ್ಯ. ಟಾರ್ ಎಂಬ ತಂತ್ರಾಂಶವು ಸಂದೇಶವನ್ನು ಈರುಳ್ಳಿಯ ಪದರಗಳಂತೆ ಗೂಢಲಿಪಿಯಲ್ಲಿ ಸುತ್ತಿ, ಹಲವು ಗಣಕಗಳ ಮೂಲಕ ಸಾಗಿಸುವುದರಿಂದ ಕೊಳ್ಳುವವನ ಜಾಲವಿಳಾಸ ಮರೆಯಾಗುವುದು ನಿಜ. ಆದರೆ ಸರಕನ್ನು ಯಾರಾದರೂ ಕೈಗೆ ತಂದುಕೊಡಲೇಬೇಕಾದ್ದರಿಂದ ಅಂಚೆಯ ಪೊಟ್ಟಣದ ಮೇಲಿನ ವಿಳಾಸ ಮರೆಯಾಗುವುದಿಲ್ಲ. ಯಲಹಂಕದ ಬಳಿ ವಲಯ ಕಚೇರಿಯುಳ್ಳ ಎನ್‌ಸಿಬಿ, ಅಂದರೆ ಮಾದಕ ವಸ್ತು ನಿಯಂತ್ರಣ ಬ್ಯೂರೊಗೆ, ಗೂಢಲಿಪಿಯನ್ನು ಒಡೆಯುವುದಕ್ಕಿಂತ ದೇವನಹಳ್ಳಿಯ ವಿಮಾನ ನಿಲ್ದಾಣದ ಸರಕನ್ನು ಎಚ್ಚರದಿಂದ ನೋಡುವುದೇ ಹೆಚ್ಚು ಫಲ ಕೊಟ್ಟೀತು.

ಸಂಶೋಧಕರ ದಾರಿಯೂ ಇಷ್ಟೇ ಸರಳ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ನಿಕೊಲಾ ಕ್ರಿಸ್ಟಿನ್ 2012ರಲ್ಲಿ ಸಿಲ್ಕ್ ರೋಡ್ ಎಂಬ ಡಾರ್ಕ್‌ನೆಟ್ ಮಾರುಕಟ್ಟೆಯ ಪುಟಗಳನ್ನು ತಿಂಗಳುಗಟ್ಟಲೆ ಸಂಗ್ರಹಿಸಿ, ಗ್ರಾಹಕರ ಅಭಿಪ್ರಾಯಗಳನ್ನೇ ಎಣಿಸಿ ವಹಿವಾಟನ್ನು ಅಂದಾಜಿಸಿದರು. 2017ರಲ್ಲಿ ಡಚ್ ಪೊಲೀಸರಂತೂ ಹಾನ್ಸಾ ಎಂಬ ಇನ್ನೊಂದು ಮಾರುಕಟ್ಟೆಯನ್ನು ಮುಚ್ಚದೆ 27 ದಿನ ತಾವೇ ನಡೆಸಿದರು. ಗ್ರಾಹಕರ ಸಂದೇಶಗಳು ಗೂಢಲಿಪಿಗೆ ತಿರುಗುವ ಮೊದಲೇ ಅವುಗಳ ನಕಲು ತೆಗೆದಿಟ್ಟರು. ಸರಕಿನ ಚಿತ್ರಗಳು ಅಳಿದುಹೋಗಿವೆಯೆಂದು ನಂಬಿಸಿ ಮಾರಾಟಗಾರರಿಂದ ಮತ್ತೆ ಹಾಕಿಸಿ, ಚಿತ್ರ ತೆಗೆದ ಸ್ಥಳದ ಗುರುತನ್ನು ಅವುಗಳೊಳಗಿಂದಲೇ ಹೆಕ್ಕಿದರು.

ಒಂದನ್ನು ಮುಚ್ಚಿದರೆ ಇನ್ನೊಂದು ತಲೆಯೆತ್ತುತ್ತದೆ ಎಂಬ ಆಕ್ಷೇಪವನ್ನು ಹಗುರವಾಗಿ ಕಾಣಲಾಗದು: ಅದೇ ವರ್ಷ ಆಲ್ಫಾಬೇ ಎಂಬ ಮಾರುಕಟ್ಟೆ ಮುಚ್ಚಿದಾಗ ಗ್ರಾಹಕರು ಹಾನ್ಸಾಕ್ಕೇ ನುಗ್ಗಿದರು; ಹಣ ಕೊಟ್ಟವರನ್ನೂ ಪಡೆದವರನ್ನೂ ಮೊತ್ತವನ್ನೂ ಮರೆಮಾಡುವ ಮೊನೆರೊ ಎಂಬ ನಾಣ್ಯ ಈಗ ಬಿಟ್‌ಕಾಯಿನ್‌ನ ಜಾಗಕ್ಕೆ ಬರುತ್ತಿದೆ. ಟಾರ್ ಅನ್ನೇ ನಿಷೇಧಿಸಿ ಎನ್ನುವವರದು ಮಾತ್ರ ಕಳ್ಳರಿಗೆ ಹೆದರಿ ಕತ್ತಲೆಯನ್ನೇ ನಿಷೇಧಿಸುವ ಬುದ್ಧಿ.

ನಿಜವಾದ ಕೊರತೆ ಬೇರೆಡೆ, ತನಿಖೆ ನಡೆಸುವವರಲ್ಲೇ ಇದೆ. 2020ರ ನವೆಂಬರ್‌ನಲ್ಲಿ ಬೆಂಗಳೂರು ಪೊಲೀಸರ ಸಿಸಿಬಿ, ಅಂದರೆ ಕೇಂದ್ರ ಅಪರಾಧ ವಿಭಾಗ, ಡಾರ್ಕ್‌ನೆಟ್‌ನಿಂದ ಮಾದಕ ವಸ್ತು ತರಿಸಿದ ಪ್ರಕರಣದಲ್ಲಿ ಒಬ್ಬ ಹ್ಯಾಕರ್‌ನನ್ನು ಬಂಧಿಸಿ, ಮುಂದಿನ ಜನವರಿಯಲ್ಲಿ ಸುಮಾರು 9 ಕೋಟಿ ರೂಪಾಯಿ ಬೆಲೆಯ 31 ಬಿಟ್‌ಕಾಯಿನ್‌ಗಳನ್ನು ವಶಪಡಿಸಿಕೊಂಡದ್ದಾಗಿ ಪ್ರಕಟಿಸಿತು. ಬಿಟ್‌ಕಾಯಿನ್‌ನ ಪ್ರತಿ ವರ್ಗಾವಣೆಯೂ ಎಲ್ಲರೂ ನೋಡಬಹುದಾದ ಲೆಕ್ಕಪುಸ್ತಕದಲ್ಲಿ ದಾಖಲಾಗುತ್ತದೆ. ಹಣ ಯಾರದು ಎಂಬುದನ್ನು ನಿರ್ಧರಿಸುವುದು ಮಾತ್ರ ಖಾಸಗಿ ಕೀ ಎಂಬ ಗುಪ್ತ ಸಂಕೇತ ಯಾರ ಬಳಿಯಿದೆ ಎಂಬುದು. ಆರೋಪಿ ತನ್ನದೆಂದು ತೋರಿಸಿದ ವ್ಯಾಲೆಟ್ ಎಂಬ ನಾಣ್ಯಖಾತೆಯಲ್ಲಿ ಆಮೇಲೆ ಕಂಡದ್ದು 186 ಬಿಟ್‌ಕಾಯಿನ್. ಅದು ನಾಣ್ಯ ವಿನಿಮಯ ಸಂಸ್ಥೆಯೊಂದರ ಚಾಲ್ತಿ ವ್ಯಾಲೆಟ್, ಅದರ ಖಾಸಗಿ ಕೀ ಆತನ ಬಳಿ ಇರಲೇ ಇಲ್ಲ ಎಂದು ಪೊಲೀಸರೇ 2021ರ ನವೆಂಬರ್‌ನಲ್ಲಿ ವಿವರಿಸಬೇಕಾಯಿತು. ಆ ತನಿಖೆಯನ್ನೇ ತನಿಖೆ ಮಾಡಲು ಸರ್ಕಾರ 2023ರಲ್ಲಿ ಎಸ್‌ಐಟಿ, ಅಂದರೆ ವಿಶೇಷ ತನಿಖಾ ತಂಡ, ರಚಿಸಿತು. 2024ರ ಜನವರಿಯಲ್ಲಿ ಅದು ಬಂಧಿಸಿದವರಲ್ಲಿ ಹಿಂದಿನ ತನಿಖಾ ತಂಡದ ಇನ್‌ಸ್ಪೆಕ್ಟರ್ ಕೂಡ ಇದ್ದರು.