ಹೊರೆಗಲ್ಲು ಬಿತ್ತು, ಅರಳಿಕಟ್ಟೆಗೂ ಕೆಂಪು ಗುರುತು ಬಿದ್ದಿದೆ!

ಅಂತರಸನಹಳ್ಳಿಯ ಬಂಧುಗಳೇ,

ಮೊನ್ನೆ ನಸುಕಿನಲ್ಲಿ, ನಾವು ಎದ್ದು ಮುಖ ತೊಳೆಯುವ ಮೊದಲೇ, ರಸ್ತೆ ಅಗಲಿಸಲೆಂದು ಬಂದ ಜೆಸಿಬಿ ಹಳೇ ದಾರಿಯ ಹೊರೆಗಲ್ಲನ್ನು ಕೆಡವಿ ಹಾಕಿತು. ಎರಡು ನಿಲುವುಗಲ್ಲು, ಮೇಲೊಂದು ಅಡ್ಡಗಲ್ಲು. ಸಂತೆಗೆ ಸೌದೆ, ಸೊಪ್ಪು, ರಾಗಿ ಹೊತ್ತು ನಡೆದವರು ಬಗ್ಗದೆ, ಇನ್ನೊಬ್ಬರ ಕೈ ಕಾಯದೆ ತಲೆಹೊರೆ ಇಳಿಸಿ ಉಸಿರು ಬಿಡಲೆಂದು ಹಿರಿಯರು ನಿಲ್ಲಿಸಿದ್ದು. ಅಡ್ಡಗಲ್ಲು ಮೂರು ತುಂಡಾಗಿ ಚರಂಡಿ ಪಕ್ಕ ಬಿದ್ದಿದೆ. ಹೋಗಿ ಕಣ್ಣಾರೆ ನೋಡಿ.

“ಉಪಯೋಗವಿಲ್ಲದ ಕಲ್ಲು” ಎನ್ನುತ್ತಾರೆ ಕೆಡವಿಸಿದವರು. ಲಾಲ್‌ಬಾಗ್ ಬಂಡೆಯ ಮೇಲಿನ ಕೆಂಪೇಗೌಡ ಗೋಪುರದಲ್ಲಿ ಈಗ ಯಾರು ಕಾವಲು ಕಾಯುತ್ತಿದ್ದಾರೆ? ನಾಲ್ಕು ದಿಕ್ಕಿನ ಅಂಥ ನಾಲ್ಕೂ ಗೋಪುರ ದಾಟಿ ಬೆಂಗಳೂರು ಬೆಳೆದು ಎಷ್ಟೋ ಕಾಲವಾಯಿತು. ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆಯೆಂದು ಮೈಸೂರಿನ 1927ರ ದೊಡ್ಡ ಗಡಿಯಾರವನ್ನು ಕೆಡವೋಣವೇ? ದೊರೆಗಳ ಹೆಸರಿನಲ್ಲಿ ನಿಂತರೆ ಪರಂಪರೆ, ಕೂಲಿಯವರಿಗಾಗಿ ನಿಂತರೆ ಅಡಚಣೆ! ನಮ್ಮ ತರಕಾರಿ ಮಾರುಕಟ್ಟೆಯಲ್ಲಿ ಹಮಾಲರು ಇಂದಿಗೂ ಮೂಟೆ ಹೊರುತ್ತಾರೆ. ಹೊರೆಯ ಭಾರ ಏನೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ.

“ರಸ್ತೆ ಅಗಲವಾಗಬೇಡವೇ?” ಮೂರಡಿ ಜಾಗದ ಕಲ್ಲು ದಾರಿಗೆ ಅಡ್ಡವಾಯಿತಂತೆ, ದಿನವಿಡೀ ನಿಲ್ಲುವ ಲಾರಿಗಳು ಅಡ್ಡವಾಗಲಿಲ್ಲವಂತೆ! ಪ್ರಾಚೀನ ಸ್ಮಾರಕಗಳಿಗೆ ನಮ್ಮ ರಾಜ್ಯದಲ್ಲಿ 1961ರ ಕಾಯ್ದೆಯೇ ಇದೆ. ಆದರೆ ಅದು ಕಾಯುವುದು ಸರ್ಕಾರ ಘೋಷಿಸಿದ ಸ್ಮಾರಕವನ್ನು. ಬೀದಿ ಬದಿಯ ಕಲ್ಲಿನ ಪಾಲಿಗೆ ಜೆಸಿಬಿ ಓಡಿಸುವವನೇ ನ್ಯಾಯಾಧೀಶ.

ನಮ್ಮವರನ್ನೂ ಬಿಡುವಂತಿಲ್ಲ. ಜೀರ್ಣೋದ್ಧಾರವೆಂದು ಗುಡಿಯ ಕಲ್ಲುಕಂಬಕ್ಕೆ ಆಯಿಲ್ ಪೇಂಟ್ ಬಳಿದವರು, ಜಗುಲಿ ಒಡೆದು ಟೈಲ್ಸ್ ಹಾಕಿಸಿದವರು ಯಾರು? ಗಣೇಶನ ಪೆಂಡಾಲಿಗೆ ಮನೆಮನೆಗೂ ಚಂದಾ ಕೇಳಿ ಬರುವ ಯುವಕ ಸಂಘಗಳು ಮೊನ್ನೆ ಎಲ್ಲಿ ಮಲಗಿದ್ದವು? ಸೈಟು ಮಾರುವವರಂತೂ ಕರಪತ್ರದಲ್ಲಿ “ಹಳ್ಳಿಯ ಸೊಗಡು” ಎಂದು ಅಚ್ಚು ಹಾಕಿಸಿ, ಆ ಸೊಗಡಿನ ಬುಡಕ್ಕೇ ಹಾರೆ ಹಾಕುತ್ತಾರೆ.

ಈಗ ಅರಳಿಕಟ್ಟೆಯನ್ನೂ ಕೆಡವಲು ಕೆಂಪು ಗುರುತು ಹಾಕಿದ್ದಾರೆ. ಅರಳಿ, ಬೇವು, ನಾಗರಕಲ್ಲು. ಮಾರುಕಟ್ಟೆ ಮುಗಿಸಿ ಬಂದ ಹೆಂಗಸರು ಖಾಲಿ ಬುಟ್ಟಿ ಪಕ್ಕಕ್ಕಿಟ್ಟು ಎಲೆಅಡಿಕೆ ಹಾಕಿಕೊಳ್ಳುವ ಜಾಗ. ಆ ಕಟ್ಟೆಯಲ್ಲಿ ಕೂತು ಬೆಳೆದವರೇ ನಾವೆಲ್ಲ. ಹೊರೆಗಲ್ಲನ್ನು ಕೆಡವಿದ ಕೈ ಇದನ್ನು ಮುಟ್ಟಬಾರದು. ಬಿದ್ದ ಕಲ್ಲು ಮತ್ತೆ ನಿಲ್ಲಬೇಕು.

ಸೋಮವಾರ ಕಟ್ಟೆ ಕೆಡವುವ ಕೆಲಸ ಶುರುವಂತೆ. ಭಾನುವಾರ ಬೆಳಿಗ್ಗೆ ಏಳಕ್ಕೆ ಕಟ್ಟೆಯ ಹತ್ತಿರ ಬನ್ನಿ, ಮನೆಯ ಹಿರಿಯರನ್ನೂ ಕರೆತನ್ನಿ.

ಇಂತಿ,
ಅಂತರಸನಹಳ್ಳಿ ನಿವಾಸಿಗಳು