ಕಾವಲುಗಾರನ ಬಾಯಿಗೇ ಬೀಗ

ಪಾಳಿ ಮುಗಿಸಿ ಗಿರಣಿಯ ಗೇಟಿನಲ್ಲಿ ಕೈ ಮೇಲೆತ್ತಿ ನಿಂತು ಮೈ ತಡವಿಸಿಕೊಂಡ ಕಾರ್ಮಿಕನಿಗೆ ತಪಾಸಣೆಯೆಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಊಟದ ಡಬ್ಬಿ ತೆರೆ, ಸೊಂಟದ ಗಂಟು ಬಿಚ್ಚು, ಜೇಬು ಹೊರಗೆಳೆ. ಆ ಗೇಟಿನ ಕಾವಲುಗಾರನನ್ನು ನಾವೆಲ್ಲ ಮನಸಾರೆ ಶಪಿಸಿದ್ದೇವೆ. ಆದರೆ ಅವನ ಸಂಬಳವೆಷ್ಟು, ಅವನಿಗೊಂದು ಸಂಘವುಂಟೇ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಈ ಪ್ರಶ್ನೆಯನ್ನು ಅಮೆರಿಕದ ವಿಮಾನ ನಿಲ್ದಾಣಗಳ ತಪಾಸಣಾಧಿಕಾರಿಗಳ ವಿಷಯದಲ್ಲಿ ಇಂದು ಕೇಳಬೇಕಾಗಿದೆ. ವಿಮಾನ ಹತ್ತುವವರು ಉಳ್ಳವರು, ಅವರ ಪೆಟ್ಟಿಗೆ ನೋಡುವವನ ಗೋಳು ನಮಗೇಕೆ ಎನ್ನುವ ಓದುಗರು ಸ್ವಲ್ಪ ತಾಳಬೇಕು.

ಮೊದಲು ಆ ಕೆಲಸವೆಂಥದೆಂದು ನೋಡೋಣ. ಹೆಸರಿಗೆ ‘ಅಧಿಕಾರಿ’, ಕೈಯಲ್ಲಿ ಆಯುಧವಿಲ್ಲ. ಕ್ಷಕಿರಣ ಯಂತ್ರದ ಪರದೆಯ ಮುಂದೆ ಕೂತು ಸಾವಿರಾರು ಪೆಟ್ಟಿಗೆಗಳ ಕರುಳು ನೋಡಬೇಕು. ನಡುನಡುವೆ ಯಂತ್ರವೇ ಸುಳ್ಳು ಬಾಂಬಿನ ಚಿತ್ರವೊಂದನ್ನು ತೂರಿಸಿ ಇವನ ಕಣ್ಣು ಎಚ್ಚರವಿದೆಯೇ ಎಂದು ಪರೀಕ್ಷಿಸುತ್ತದೆ. ಕಣ್ಣು ಸೋತರೆ ಎದ್ದು ಹೋಗಿ ಪ್ರಯಾಣಿಕರ ಮೈ ತಡವಬೇಕು, ಬೈಗುಳ ತಿನ್ನಬೇಕು. ನೀರಿನ ಸೀಸೆ ಬಿಸಾಡಿಸಿದ್ದಕ್ಕೂ ಇವನೇ ಪಾಪಿ. ಆ ನಿಯಮ ಮಾಡಿದ ಮಹಾಶಯರು ಸಾಲಿನ ಬಳಿ ಎಂದೂ ನಿಲ್ಲುವುದಿಲ್ಲ. ೨೦೧೩ರ ನವೆಂಬರ್ ೧ರಂದು ಲಾಸ್ ಏಂಜಲೀಸ್ ನಿಲ್ದಾಣದಲ್ಲಿ ಬಂದೂಕು ಹಿಡಿದು ನುಗ್ಗಿದವನೊಬ್ಬ ಇಂಥ ಒಬ್ಬ ತಪಾಸಣಾಧಿಕಾರಿಯನ್ನು ಕೊಂದ.

೨೦೦೧ಕ್ಕೆ ಮೊದಲು ಈ ಕೆಲಸ ವಿಮಾನ ಕಂಪೆನಿಗಳ ಹೊಣೆಯಾಗಿತ್ತು. ಕಂಪೆನಿಗಳು ಏನು ಮಾಡಿದುವೆಂದು ಬಲ್ಲವರಿಗೆ ಬೇರೆ ಹೇಳಬೇಕೆ? ಗುತ್ತಿಗೆದಾರರಿಗೆ ಕೊಟ್ಟುವು. ಕಡಮೆ ಬೆಲೆ ಕೂಗಿದವನಿಗೆ ಗುತ್ತಿಗೆ, ಅವನು ಹಿಡಿದದ್ದೇ ಕೂಲಿ. ಅಮೆರಿಕದ ಸಂಸತ್ತಿನ ಲೆಕ್ಕಪತ್ರ ಕಛೇರಿ ೨೦೦೦ದಲ್ಲಿ ಕೊಟ್ಟ ವರದಿಯನ್ನು ನೋಡಿ: ೧೯೯೮ರ ಮೇಯಿಂದ ೧೯೯೯ರ ಏಪ್ರಿಲ್‌ವರೆಗೆ ೧೯ ದೊಡ್ಡ ನಿಲ್ದಾಣಗಳಲ್ಲಿ ಕೆಲಸ ಬಿಟ್ಟು ಹೋದವರ ಪ್ರಮಾಣ ಸರಾಸರಿ ಶೇಕಡ ೧೨೬, ಸೇಂಟ್ ಲೂಯಿ ನಿಲ್ದಾಣದಲ್ಲಿ ಶೇಕಡ ೪೧೬. ಅಂದರೆ ಒಂದೇ ಕುರ್ಚಿಗೆ ವರ್ಷದಲ್ಲಿ ನಾಲ್ಕು ಜನ. ನಿಲ್ದಾಣದೊಳಗಿನ ತಿಂಡಿ ಅಂಗಡಿಯಲ್ಲಿ ಇದಕ್ಕಿಂತ ಹೆಚ್ಚು ಸಿಗುತ್ತಿತ್ತೆಂದ ಮೇಲೆ ಬಾಂಬು ಹುಡುಕುತ್ತ ಕೂರುವವನಾರು?

೨೦೦೧ರ ಸೆಪ್ಟೆಂಬರ್ ೧೧ರ ಘೋರ ಕೃತ್ಯದ ನಂತರ ಎಲ್ಲರ ಬೆರಳೂ ಈ ಬಡಪಾಯಿಗಳ ಕಡೆಗೇ ತಿರುಗಿತು. ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಾಕುವನ್ನು ವಿಮಾನದೊಳಕ್ಕೆ ಒಯ್ಯಲು ಆಗಿನ ನಿಯಮವೇ ಒಪ್ಪಿಗೆ ಕೊಟ್ಟಿತ್ತೆಂಬುದು ಯಾರಿಗೂ ನೆನಪಾಗಲಿಲ್ಲ. ಅದೇ ನವೆಂಬರ್ ೧೯ರಂದು ಬಂದ ಕಾಯಿದೆ ತಪಾಸಣೆಯನ್ನು ಸರ್ಕಾರದ ಕೈಗೆ ತಂದಿತು, ಟಿ.ಎಸ್.ಎ. ಎಂಬ ಹೊಸ ಇಲಾಖೆ ಹುಟ್ಟಿತು. ಗುತ್ತಿಗೆದಾರರನ್ನು ಕಿತ್ತೊಗೆದದ್ದು ಸರಿಯೇ, ನಾವೂ ಒಪ್ಪುತ್ತೇವೆ. ಆದರೆ ಅದರ ಜೊತೆಗೆ ಪೌರತ್ವವಿಲ್ಲದವರಿಗೆ ಕೆಲಸವಿಲ್ಲವೆಂದರು. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲ ನಿಲ್ದಾಣಗಳಲ್ಲಿ ವರ್ಷಗಟ್ಟಲೆ ದುಡಿದಿದ್ದ ಫಿಲಿಪ್ಪೀನ್ಸ್ ಮೂಲದ ಎಷ್ಟೋ ಮಂದಿ ಬೀದಿಗೆ ಬಿದ್ದರು. ತಮಾಷೆಯೆಂದರೆ, ಪೌರತ್ವವಿಲ್ಲದವನು ಅಮೆರಿಕದ ಸೈನ್ಯ ಸೇರಿ ಬಂದೂಕು ಹೊರಬಹುದು, ಪೆಟ್ಟಿಗೆಯೊಳಗೆ ಇಣುಕಬಾರದು!

ಬೇಟೆ ಇಲ್ಲಿಗೇ ನಿಲ್ಲಲಿಲ್ಲ. ೨೦೦೩ರ ಜನವರಿಯಲ್ಲಿ ಇಲಾಖೆಯ ಮುಖ್ಯಸ್ಥ ಅಡ್ಮಿರಲ್ ಜೇಮ್ಸ್ ಲಾಯ್ ಆಜ್ಞೆ ಹೊರಡಿಸಿದರು: ತಪಾಸಣೆಗಾರರಿಗೆ ಸಾಮೂಹಿಕ ಚೌಕಾಸಿಯ ಹಕ್ಕಿಲ್ಲ. ಕಾರಣ? ದೇಶದ ಭದ್ರತೆ. ೨೦೧೧ರವರೆಗೆ ಅವರು ಆ ಹಕ್ಕಿಲ್ಲದೆ ದುಡಿದರು. ಆ ವರ್ಷ ಅರ್ಧಂಬರ್ಧ ಹಕ್ಕು ದೊರೆತು, ಮತದಾನ ನಡೆದು, ಎ.ಎಫ್.ಜಿ.ಇ. ಎಂಬ ಸರ್ಕಾರಿ ನೌಕರರ ಸಂಘ ಗೆದ್ದಿತು. ೨೦೨೩ರ ಜುಲೈಯಲ್ಲಿ ಇವರ ಸಂಬಳವನ್ನು ಇತರ ಸರ್ಕಾರಿ ನೌಕರರ ಮಟ್ಟಕ್ಕೆ ಏರಿಸಿದಾಗ ಕೆಲಸ ಬಿಟ್ಟು ಓಡುವವರ ಸಂಖ್ಯೆ ತಾನೇ ತಾನಾಗಿ ಇಳಿಯಿತು. ೨೦೨೪ರ ಮೇಯಲ್ಲಿ ಏಳು ವರ್ಷಗಳ ಒಪ್ಪಂದಕ್ಕೆ ಸಹಿಯೂ ಬಿತ್ತು. ಇನ್ನೂ ಒಂದು ವರ್ಷ ತುಂಬಿರಲಿಲ್ಲ. ೨೦೨೫ರ ಮಾರ್ಚ್ ೭ರಂದು ಸರ್ಕಾರ ಅದನ್ನು ಹರಿದೆಸೆಯುವುದಾಗಿ ಸಾರಿತು.

ಸರ್ಕಾರ ಆಗ ಕೊಟ್ಟ ಲೆಕ್ಕವನ್ನು ನಮ್ಮ ವ್ಯಾಪಾರಿ ಮಿತ್ರರು ಸ್ವಲ್ಪ ಗಮನವಿಟ್ಟು ನೋಡಬೇಕು. ಶೇಕಡ ೮೬ ನಿಲ್ದಾಣಗಳಲ್ಲಿ ತಪಾಸಣೆ ಮಾಡುವವರಿಗಿಂತ ಸಂಘದ ಕೆಲಸವನ್ನೇ ಪೂರ್ಣಕಾಲ ಮಾಡುವವರು ಹೆಚ್ಚಂತೆ! ಕೇಳಿದವರು ಹೌಹಾರಬೇಕು. ತಕ್ಕಡಿಯ ಕೆಳಗೆ ಕೈಹಾಕಿ ನೋಡಿದರೆ ಮೇಣ ಸಿಗುತ್ತದೆ. ಇಡೀ ದೇಶದಲ್ಲಿ ಸಂಘದ ಕೆಲಸ ಮಾಡುವವರು ಸುಮಾರು ೨೦೦ ಮಂದಿ. ೪೩೨ ನಿಲ್ದಾಣಗಳಲ್ಲಿ ೩೭೪ ಚಿಕ್ಕವು. ಒಂದೊಂದರಲ್ಲೂ ತಪಾಸಣೆಗಾರರು ೨೦೦ಕ್ಕಿಂತ ಕಡಮೆ. ದೇಶದ ಮೊತ್ತವನ್ನು ಒಂದು ತಟ್ಟೆಯಲ್ಲಿಟ್ಟು ಒಂದೊಂದು ಹಳ್ಳಿ ನಿಲ್ದಾಣವನ್ನು ಇನ್ನೊಂದರಲ್ಲಿಟ್ಟು ತೂಗಿದರು. ನಮ್ಮ ಸಂತೆಯಲ್ಲಿ ಹೀಗೆ ತೂಗಿದವನಿಗೆ ತೂಕದ ಇನ್‌ಸ್ಪೆಕ್ಟರು ಏನು ಮಾಡುತ್ತಾನೆ? ಇಲ್ಲಿ ೨೦೦ ಜನ ಮಾತನಾಡುವುದು ಸುಮಾರು ೪೭ ಸಾವಿರ ತಪಾಸಣಾಧಿಕಾರಿಗಳ ಪರವಾಗಿ. ಆ ಜೂನ್‌ನಲ್ಲಿ ಸಿಯಾಟಲ್‌ನ ನ್ಯಾಯಾಧೀಶೆಯೊಬ್ಬರು ಸರ್ಕಾರದ ಆಜ್ಞೆಗೆ ತಡೆ ಹಾಕಿದರು. ಸರ್ಕಾರದ ವಿರುದ್ಧ ಮೊಕದ್ದಮೆ ಹೂಡಿದ ಸಂಘದ ಮೇಲೆ ತೀರಿಸಿಕೊಂಡ ಹಗೆಯಂತೆ ಇದು ಕಾಣುತ್ತದೆಂದು ಅವರಿಗೂ ತೋರಿತು.

ನಮ್ಮವರೆಂದು ತಪ್ಪನ್ನು ಮುಚ್ಚಬೇಕಾಗಿಲ್ಲ. ೨೦೧೫ರಲ್ಲಿ ಬೆಳಕಿಗೆ ಬಂದ ಗುಪ್ತ ಪರೀಕ್ಷೆಯಲ್ಲಿ ೭೦ ಸಲದಲ್ಲಿ ೬೭ ಸಲ ನಕಲಿ ಆಯುಧ, ಬಾಂಬುಗಳು ಸಲೀಸಾಗಿ ಒಳಹೊಕ್ಕುವು. ನಾಚಿಕೆಗೇಡೇ ಸರಿ. ಆದರೆ ಅನಂತರ ಬಂದ ಇಲಾಖೆಯ ಮುಖ್ಯಸ್ಥರೇ, ಸಾಲು ಬೇಗ ಸಾಗಲೆಂಬ ಒತ್ತಡ ಮಿತಿಮೀರಿತ್ತೆಂದು ಒಪ್ಪಿಕೊಂಡರು. ಮಗ್ಗದ ವೇಗ ಹೆಚ್ಚಿಸಿ ಎಳೆ ಹರಿದಾಗ ನೇಕಾರನಿಗೆ ದಂಡ ಹಾಕುವ ಮೇಸ್ತ್ರಿಯನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ.

ಭದ್ರತೆಯ ಹೆಸರಿನ ಈ ಬೀಗ ಅಮೆರಿಕದ ಸ್ವತ್ತೇನೂ ಅಲ್ಲ. ನಮ್ಮ ನಿಲ್ದಾಣಗಳಿಗೆ ೨೦೦೦ದಿಂದ ಸಿ.ಐ.ಎಸ್.ಎಫ್. ಕಾವಲು ಬಂದಿತು. ಆ ಪಡೆಯ ಜವಾನರು ಸಂಘದ ಮಾತೆತ್ತಿದ ೧೯೭೯ರ ಜೂನ್‌ನಲ್ಲಿ ಬೊಕಾರೊ ಉಕ್ಕಿನ ಕಾರ್ಖಾನೆಗೆ ಸೈನ್ಯವನ್ನೇ ತಂದು ಗುಂಡು ಹಾರಿಸಿ ಅಡಗಿಸಿದರು. ಆಗ ದೆಹಲಿಯಲ್ಲಿ ಕೂತಿದ್ದ ಜನತಾ ಸರ್ಕಾರದಲ್ಲಿ ಸಮಾಜವಾದಿಗಳೂ ಇದ್ದರೆಂಬುದನ್ನು ನಾವು ಮರೆತಿಲ್ಲ.

ಇನ್ನು ಹಣದ ಮಾತು. ಅಮೆರಿಕದಲ್ಲಿ ಪ್ರತಿ ಪ್ರಯಾಣಿಕನ ಟಿಕೆಟಿನಲ್ಲೂ ಭದ್ರತಾ ಶುಲ್ಕವುಂಟು. ೨೦೧೪ರಿಂದ ಒಂದು ದಿಕ್ಕಿನ ಪ್ರಯಾಣಕ್ಕೆ ೫.೬೦ ಡಾಲರು. ಆ ಹಣ ಪೂರ್ತಿ ತಪಾಸಣೆಗೆ ಸಲ್ಲುತ್ತದೆಂದು ಕೊಟ್ಟವರು ನಂಬಿದ್ದಾರೆ. ೨೦೧೩ರ ಬಜೆಟ್ ಕಾಯಿದೆ ಅದರಲ್ಲೊಂದು ದೊಡ್ಡ ಪಾಲನ್ನು ಸರ್ಕಾರದ ಕೊರತೆ ತುಂಬಲು ತಿರುಗಿಸಿತು. ಮಾರುಕಟ್ಟೆಯ ಅಭಿವೃದ್ಧಿಗೆಂದು ಸೆಸ್ಸು ಕಟ್ಟಿ, ಮಳೆಗಾಲದಲ್ಲಿ ಕೆಸರಿನಲ್ಲಿ ನಿಂತು ಮಾರುವ ಅಂಗಡಿಯವನಿಗೆ ಈ ವಿದ್ಯೆ ಗೊತ್ತು.

೨೦೧೮ರ ಡಿಸೆಂಬರ್ ೨೨ರಿಂದ ೩೫ ದಿನ ಅಮೆರಿಕ ಸರ್ಕಾರದ ಖಜಾನೆ ಬಾಗಿಲು ಹಾಕಿತು. ತಪಾಸಣಾಧಿಕಾರಿಗಳಿಗೆ ರಜೆಯಿಲ್ಲ, ಸಂಬಳವೂ ಇಲ್ಲ. ಮುಷ್ಕರ ಹೂಡಿದರೆ ಅಪರಾಧ. ೧೯೮೧ರಲ್ಲಿ ಮುಷ್ಕರ ಹೂಡಿದ ೧೧ ಸಾವಿರಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ರೇಗನ್ ಮನೆಗೆ ಕಳಿಸಿದ್ದು ಎಲ್ಲರ ನೆನಪಿನಲ್ಲಿತ್ತು. ಆದ್ದರಿಂದ ಕಾಯಿಲೆ ಬಂದಿತು. ಜನವರಿ ೨೦ರಂದು ಹತ್ತರಲ್ಲೊಬ್ಬ ಬರಲಿಲ್ಲ. ಪೆಟ್ರೋಲಿಗೆ ಕಾಸಿಲ್ಲದವನು ಬರುವುದಾದರೂ ಹೇಗೆ? ಮಯಾಮಿಯಲ್ಲಿ ನಿಲ್ದಾಣದ ಒಂದು ಭಾಗವನ್ನೇ ಮುಚ್ಚಬೇಕಾಯಿತು. ೨೦೨೫ರ ಅಕ್ಟೋಬರ್ ೧ರಂದು ಮತ್ತೆ ಬಾಗಿಲು ಹಾಕಿದರು. ಈ ಸಲ ೪೩ ದಿನ. ಆ ೪೩ ದಿನಗಳೂ ಪ್ರಯಾಣಿಕರಿಂದ ಭದ್ರತಾ ಶುಲ್ಕ ವಸೂಲಾಗುತ್ತಲೇ ಇತ್ತು. ಬಾಗಿಲು ಹಾಕಿದ ಸಂಸತ್ ಸದಸ್ಯರ ಸಂಬಳಕ್ಕೂ ಕಾನೂನಿನ ಅಡ್ಡಿಯಿರಲಿಲ್ಲ.