ಹಿಂದಿನ ಸಂದಿ, ಮುಂದಿನ ಗೇಟು

ಬೆಂಗಳೂರಿನ ಯಾವ ಬೀದಿ ಯಾವ ಬೀದಿಗೆ ಸೇರುತ್ತೆ ಅನ್ನೋದು ಎಂಜಿನಿಯರುಗಳ ಲೆಕ್ಕ ಅಂದುಕೊಂಡಿದ್ದೆವು. ಯಾರು ಎಲ್ಲಿ ನಡೆಯಬಹುದು ಅನ್ನೋ ಲೆಕ್ಕವೂ ಅದರಲ್ಲೇ ಇದೆ. ಊರಾಚೆ ಕೇರಿಯಲ್ಲಿ ಹುಟ್ಟಿದವರಿಗೆ ಇದನ್ನ ಹೇಳಿಕೊಡಬೇಕಿಲ್ಲ.

1898ರಲ್ಲಿ ಪೇಟೆಗೆ ಪ್ಲೇಗು ಬಂತು. ಅನುಕೂಲಸ್ಥರು ಇಕ್ಕಟ್ಟಾದ ಪೇಟೆ ಬಿಟ್ಟು ಮಲ್ಲೇಶ್ವರ, ಬಸವನಗುಡಿಗೆ ಹೋದರು. ಗೆರೆ ಎಳೆದಂಥ ಮೇನು, ಕ್ರಾಸು. ನಾಲ್ಕು ದಿಕ್ಕಿಗೂ ದಾರಿ. ನಗರಶಾಸ್ತ್ರದವರು ಇವತ್ತಿಗೂ ಹೊಗಳುತ್ತಾರೆ, ನಾವೂ ಹೊಗಳುತ್ತೇವೆ. ಆದರೆ ಮನೆಗಳ ಬೆನ್ನಿಗೊಂದು ಸಂದಿ ಇತ್ತಲ್ಲ, ಕನ್ಸರ್ವೆನ್ಸಿ ಲೇನು? ನಕ್ಷೆಯಲ್ಲೇ ಬರೆದು ಬಿಟ್ಟದ್ದು. ಮಲ ಹೊರುವವರು ಮುಂದಿನ ಬೀದಿಯವರ ಕಣ್ಣಿಗೆ ಬೀಳದಂತೆ ಬಂದು ಹೋಗಲಿ ಅಂತ. ಹಳ್ಳಿಯಲ್ಲಿ ನಮ್ಮನ್ನ ಊರ ಹೊರಗಿಟ್ಟರು, ಇಲ್ಲಿ ಹಿತ್ತಿಲಿಗಿಟ್ಟರು. 1970ರ ದಶಕದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ, ಮತ್ತೊಂದು 2013ರಲ್ಲಿ. ಸಂದಿಗಳೇನಾದವು? ಕೆಲವನ್ನ ಅಕ್ಕಪಕ್ಕದವರು ನುಂಗಿದರು, ಕೆಲವು ಕಸ ತುಂಬಿ ಕೂತಿವೆ.

ಆಮೇಲೆ ಊರು ಹಬ್ಬಿತು. 2007ರಲ್ಲಿ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಸೇರಿಸಿ ಬೃಹತ್ ಪಾಲಿಕೆ ಮಾಡಿದರು. 2025ರಲ್ಲಿ ಅದನ್ನೂ ಒಡೆದು ಐದು ಮಾಡಿದರು. ಬೋರ್ಡು ಬದಲಾಯ್ತು ಅನ್ನಿ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆ ಹೋಗಿ ನೋಡಿ. ಹೊಲ ಇದ್ದ ಆಕಾರಕ್ಕೇ ಲೇಔಟು. ಒಬ್ಬನ ಲೇಔಟಿನ ರಸ್ತೆ ಪಕ್ಕದವನ ರಸ್ತೆಗೆ ಸೇರಲ್ಲ, ಕಾಂಪೌಂಡಿಗೆ ಬಡಿದು ನಿಲ್ಲುತ್ತೆ. ಇನ್ನೊಂದು ಕಡೆ ಗೇಟು, ಗೇಟಿಗೊಬ್ಬ ಕಾವಲಿನವ. ಅವನೂ ನಮ್ಮವನೇ, ಪಾಪ; ನಮ್ಮಕ್ಕಂದಿರ ಚೀಲ ತಡಕೋದು ಅವನ ಡ್ಯೂಟಿ.

ಗೋಡೆ ಈಚೆ ಶೀಟಿನ ಮನೆ, ಆಚೆ ಪಾತ್ರೆ ತೊಳೆಯೋ ಮನೆ. ಕೂಗಿದರೆ ಕೇಳುವಷ್ಟು ದೂರ. ಹೋಗಬೇಕಂದ್ರೆ ಗೋಡೆ ಸುತ್ತಿ, ಫುಟ್‌ಪಾತಿಲ್ಲದ ದೊಡ್ಡ ರಸ್ತೆಗಿಳಿದು, ಲಾರಿಗಳ ಪಕ್ಕ ನಡೆದು ಗೇಟು ಮುಟ್ಟಬೇಕು. ಒಳದಾರಿಗಳೇ ಇಲ್ಲದ ಮೇಲೆ ಎಲ್ಲರ ಕಾರೂ ಅದೇ ಒಂದು ರಸ್ತೆಗೇ ಬೀಳುತ್ತೆ. ಆಗ ಟ್ರಾಫಿಕ್ಕು ಅಂತ ಗೋಳಾಡಿ ಫ್ಲೈಓವರ್ ಕೇಳುತ್ತಾರೆ. ಅದರ ಮೇಲೆ ನಡೆಯೋರು ಹೋಗೋ ಹಾಗಿಲ್ಲ.

ಮನೆಯನ್ನ ಕೆಡವಿ ಮತ್ತೆ ಕಟ್ಟಬಹುದು. ಬೀದಿ ಹಾಗಲ್ಲ. ಕೆಂಪೇಗೌಡರ ಕಾಲದ ದೊಡ್ಡಪೇಟೆ, ಚಿಕ್ಕಪೇಟೆ ಕೂಡುವ ಜಾಗ ಇವತ್ತಿಗೂ ಅಲ್ಲೇ ಇದೆ. ಇವತ್ತು ಮುಚ್ಚಿದ ದಾರಿಯೂ ನಮ್ಮ ಮೊಮ್ಮಕ್ಕಳ ಕಾಲಕ್ಕೆ ಮುಚ್ಚೇ ಇರುತ್ತೆ. ಆದ್ದರಿಂದ ನಾವು ಈಗಲೇ ಕೇಳುತ್ತಿದ್ದೇವೆ: ಪಕ್ಕದ ರಸ್ತೆಗೆ ಕೂಡದ ಲೇಔಟಿಗೆ ಮಂಜೂರಾತಿ ಕೊಡಬೇಡಿ. ಕಟ್ಟಿಯಾಗಿರೋ ಉದ್ದುದ್ದ ಗೋಡೆಗಳಲ್ಲಿ ಕಾಲುದಾರಿ ಒಡೆಯಿರಿ, ಕಾವಲಿಲ್ಲದ ಕಾಲುದಾರಿ.